ಎಂ.ಆರ್.ಐ.ಯಲ್ಲಿ ಕಿಯಾರಿ ಬಂದಿದೆ, ತಲೆನೋವಿಗೆ ಆಪರೇಷನ್ ಮಾಡಿಸಲೇಬೇಕಾ?

ತಂಗಿಯ ಎಂ.ಆರ್.ಐ. ರಿಪೋರ್ಟಿನಲ್ಲಿ 7 ಮಿ.ಮೀ. ಕಿಯಾರಿ (ಕಿರುಮೆದುಳಿನ ತುದಿ ಕುತ್ತಿಗೆಯ ಕಡೆಗೆ ಇಳಿದಿರುವುದು) ಎಂದಿದೆ, ತಲೆನೋವೂ ಇದೆ, ಕುಂಬಳೆಯಿಂದ ಎಲ್ಲಿಗೆ ಕರೆದುಕೊಂಡು ಹೋಗಲಿ ಎಂದು ಕೇಳಿದ್ದೀರಿ. ನಾನು ಬದಿಯಡ್ಕ ಕಡೆಯವಳು, ಇದೇ ಆಪರೇಷನ್ ಆದವಳು. ಡಾಕ್ಟರಲ್ಲ, ಅನುಭವಿಸಿದ್ದನ್ನೂ ಡಾಕ್ಟರರಿಂದ ಕೇಳಿ ತಿಳಿದದ್ದನ್ನೂ ಬರೆಯುತ್ತಿದ್ದೇನೆ.

ಆ 7 ನೋಡಿ ಹೆದರಬೇಡಿ. ಕಿರುಮೆದುಳಿನ ತುದಿ ತಲೆಬುರುಡೆಯ ಬುಡದ ತೂತಿನಿಂದ 5 ಮಿ.ಮೀ. ಅಥವಾ ಹೆಚ್ಚು ಕೆಳಗಿಳಿದಿದ್ದರೆ ಸಾಮಾನ್ಯವಾಗಿ ಕಿಯಾರಿ ಒಂದನೇ ಬಗೆ ಎಂದು ಬರೆಯುತ್ತಾರೆ. ಅಷ್ಟು ಇಳಿದಿದ್ದೂ ಯಾವ ತೊಂದರೆಯೂ ಇಲ್ಲದವರು ಎಷ್ಟೋ ಮಂದಿ. ನೋವು ಹೇಗೆ ಬರುತ್ತದೆ ಎಂದು ತಂಗಿಯನ್ನೇ ಕೇಳಿ. ಕೆಮ್ಮಿದಾಗ, ಸೀನಿದಾಗ, ಜೋರಾಗಿ ನಕ್ಕಾಗ, ಕಕ್ಕಸಿನಲ್ಲಿ ತಿಣುಕಿದಾಗ ತಲೆಯ ಹಿಂಭಾಗಕ್ಕೆ ಛಟ್ಟನೆ ಹೊಡೆದು ಸ್ವಲ್ಪ ಹೊತ್ತಿನಲ್ಲೇ ಇಳಿದರೆ ಅದು ಕಿಯಾರಿಯ ಲಕ್ಷಣ. ಸೀನು ಬರುವ ಸೂಚನೆ ಸಿಕ್ಕಿದರೆ ಸಾಕು, ನಾನು ಕೈಯಲ್ಲಿದ್ದದ್ದನ್ನು ಕೆಳಗಿಟ್ಟು ಗೋಡೆ ಹಿಡಿಯುತ್ತಿದ್ದೆ. ಗಂಟೆಗಟ್ಟಲೆ ಮಿಡಿಯುವ, ಬೆಳಕು ಕಂಡರಾಗದ ನೋವಾದರೆ ಮೈಗ್ರೇನ್ ಇರಬಹುದು. ಅದಕ್ಕೆ ಈ ಆಪರೇಷನ್ ಔಷಧವಲ್ಲ. ನನಗೆ ಎರಡೂ ಇತ್ತು. ಕೆಮ್ಮಿನ ನೋವು ಹೋಯಿತು, ಮೈಗ್ರೇನಿಗೆ ಈಗಲೂ ಮಾತ್ರೆ.

ನಿಜ ಹೇಳಬೇಕೆಂದರೆ ನನ್ನ ಆಪರೇಷನ್ ನಿಶ್ಚಯವಾದದ್ದು ಕೈಯಿಂದ. ಕುಚ್ಚಲಕ್ಕಿ ಅನ್ನ ಬಸಿಯುವಾಗ ತಿಳಿ ಎಡಗೈ ಮೇಲೆ ಚೆಲ್ಲಿ ಬೊಕ್ಕೆ ಎದ್ದಿತು. ನೀರು ತಾಗಿದ್ದು ಗೊತ್ತಾಯಿತು, ಬಿಸಿ ಗೊತ್ತಾಗಲಿಲ್ಲ. ಬೆನ್ನುಹುರಿಯೊಳಗೆ ದ್ರವ ತುಂಬಿಕೊಂಡರೆ ಹೀಗಾಗುತ್ತದೆ, ಸಿರಿಂಕ್ಸ್ ಎನ್ನುತ್ತಾರೆ. ಹಾಗಾಗಿ ತಲೆಯ ಸ್ಕ್ಯಾನ್ ಮಾತ್ರ ಸಾಲದು, ಬೆನ್ನುಹುರಿಯದ್ದೂ ಬೇಕಾ ಎಂದು ಡಾಕ್ಟರರನ್ನು ಕೇಳಿಯೇ ಕೇಳಿ. ಹೋದ ಸಂವೇದನೆ ಪೂರ್ತಿ ಮರಳುತ್ತದೆಂಬ ಖಾತ್ರಿ ಇಲ್ಲ. ನನ್ನ ಎರಡು ಬೆರಳಿಗೆ ಇನ್ನೂ ಬಿಸಿ ತಿಳಿಯುವುದಿಲ್ಲ.

ಆಪರೇಷನ್ನಿನಲ್ಲಿ ಹಿಂಭಾಗದ ಬುರುಡೆಯ ಸ್ವಲ್ಪ ಎಲುಬು, ಹೆಚ್ಚಾಗಿ ಕುತ್ತಿಗೆಯ ಮೊದಲ ಎಲುಬಿನ ಹಿಂಬದಿಯನ್ನೂ ತೆಗೆದು ಜಾಗ ಮಾಡುತ್ತಾರೆ. ಅನೇಕರಿಗೆ ಮೆದುಳಿನ ಹೊರಪೊರೆಯನ್ನು ಬಿಡಿಸಿ ತೇಪೆ ಹೊಲಿಯುತ್ತಾರೆ. ಆಮೇಲೆ ಕುತ್ತಿಗೆ ಬಿಗಿತ ತುಂಬಾ ದಿನ ಕಾಡುತ್ತದೆ. ಬಾವಿಯಿಂದ ನೀರು ಸೇದುವುದು, ಹುಲ್ಲಿನ ಹೊರೆ ಎತ್ತುವುದು ಡಾಕ್ಟರು ಹೇಳುವವರೆಗೆ ಬೇಡವೇ ಬೇಡ.

ತಿರುವನಂತಪುರದ ಶ್ರೀ ಚಿತ್ರಾ ಆಸ್ಪತ್ರೆ, ಬೆಂಗಳೂರಿನ ನಿಮ್ಹಾನ್ಸ್ ಎರಡೂ ಇದಕ್ಕೆ ಒಳ್ಳೆಯ ಜಾಗಗಳೇ. ನಾನು ಮಂಗಳೂರಿನಲ್ಲಿ ಮಾಡಿಸಿದೆ. ಅಮ್ಮನಿಗೆ ಮಲಯಾಳ ಬರುವುದಿಲ್ಲ, ಮಂಗಳೂರಿನಲ್ಲಾದರೆ ನರ್ಸ್‌ಗಳ ಹತ್ತಿರ ಕನ್ನಡ, ತುಳುವಿನಲ್ಲಿ ಮಾತಾಡಬಹುದು. ಅದಕ್ಕಿಂತ ಮುಖ್ಯ, ಮನೆಗೆ ಬಂದ ಮೇಲೆ ಗಾಯದಿಂದ ತಿಳಿನೀರು ಜಿನುಗಿದರೆ, ಜ್ವರ ಬಂದರೆ, ತಲೆನೋವು ಏರುತ್ತಾ ಹೋದರೆ ಅದೇ ದಿನ ವಾಪಸ್ ಹೋಗಬೇಕು. ಕುಂಬಳೆಯಿಂದ ಮಂಗಳೂರು ಹತ್ತಿರ.

ಸಿರಿಂಕ್ಸ್ ಇಲ್ಲ, ನೋವು ತಡೆದುಕೊಳ್ಳುವಷ್ಟಿದೆ ಎಂದಾದರೆ ಆಗಾಗ ತೋರಿಸುತ್ತಾ ಕಾಯಬಹುದು, ಡಾಕ್ಟರರೂ ಹಾಗೇ ಹೇಳಬಹುದು. ನುಂಗುವಾಗ ನೆತ್ತಿಗೇರುವುದು, ನಡೆಯುವಾಗ ವಾಲುವುದು, ಕೈಯ ಬಲ ಕುಂದುವುದು ಇದ್ದರೆ ಮಾತ್ರ ಕಾಯಬೇಡಿ, ಈ ವಾರವೇ ನ್ಯೂರೋಸರ್ಜನ್ನರಿಗೆ ತೋರಿಸಿ.