ಜರ್ಮನಿಯಲ್ಲಿ ನಾಯಿ ಸಾಕುವುದು: ತೆರಿಗೆ, ಒಂಟಿತನ

ಜರ್ಮನಿಯಲ್ಲಿ ನಾಯಿಗೆ ತೆರಿಗೆ ಇದೆಯಾ, ಹಗಲೆಲ್ಲ ಮನೆಯಲ್ಲಿ ಒಂಟಿಯಾಗಿ ಬಿಡಬಹುದಾ ಅಂತ ಕೇಳಿದ್ದೀರಿ. ತೆರಿಗೆ ಇದೆ. ಸ್ಥಳೀಯ ಆಡಳಿತವೇ ವಸೂಲಿ ಮಾಡುತ್ತದೆ, ಮೊತ್ತ ಊರಿಂದ ಊರಿಗೆ ಬೇರೆ. ಎರಡನೇ ನಾಯಿಗೆ ಎಷ್ಟೋ ಕಡೆ ಇನ್ನೂ ಜಾಸ್ತಿ. ಇಂಗ್ಲೆಂಡ್‌ನಲ್ಲಾದರೆ ನಾಯಿ ಲೈಸೆನ್ಸ್ 1987ರಲ್ಲೇ ಹೋಯಿತು, ಆದರೆ ಮೈಕ್ರೊಚಿಪ್ (ಚರ್ಮದಡಿ ಹಾಕುವ ಗುರುತಿನ ಚಿಪ್) ಕಡ್ಡಾಯ.

ಒಂಟಿಯಾಗಿ ಬಿಡುವುದೇ ದೊಡ್ಡ ವಿಷಯ. 2022ರಿಂದ ಜರ್ಮನಿಯಲ್ಲಿ ನಾಯಿಯನ್ನು ಸಾಕಷ್ಟು ಹೊತ್ತು ಹೊರಗೆ ಓಡಾಡಿಸಬೇಕು. ದಿನಕ್ಕೆ ಹಲವು ಸಲ ಅದರ ಜೊತೆ ಸಮಯ ಕಳೆಯಬೇಕು ಅಂತಲೂ ನಿಯಮವಿದೆ. ಸ್ವೀಡನ್‌ನಲ್ಲಿ ಹಗಲು ಆರು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಲೇಬೇಕು. ಇದು ಸರಿಯಾದ ನಿಯಮ ಅಲ್ವಾ? ಬೆಳಗ್ಗೆ ಹೋದವರು ರಾತ್ರಿ ಬರುವ ಕೆಲಸವಾದರೆ, ಮಧ್ಯಾಹ್ನ ನೋಡಿಕೊಳ್ಳುವವರನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ತಳಿಯನ್ನೂ ವಿಚಾರಿಸಿ, ಪಿಟ್‌ಬುಲ್‌ನಂಥ ಕೆಲವನ್ನು ಜರ್ಮನಿಗೆ ತರುವಂತಿಲ್ಲ.