ಅನ್ನ ಹಾಕಿದವರ ಮಾತು ಚುಚ್ಚಿದಾಗ

ಪ್ರಶ್ನೆ: ಅಕ್ಕಾ, ನಮ್ಮದು ಜೇವರ್ಗಿ ತಾಲ್ಲೂಕಿನ ಭೀಮಾ ದಂಡೆಯ ಊರು. 2025ರ ಸೆಪ್ಟೆಂಬರಿನಲ್ಲಿ ಹೊಳಿ ಬಂದಾಗ ನಮ್ಮ ಓಣಿಯೆಲ್ಲ ನೀರಿನಲ್ಲಿ ನಿಂತಿತು. ಮ್ಯಾಲಿನ ಓಣಿಯ ಒಬ್ಬ ಅಕ್ಕ, ನಮಗೆ ಬಳಗವೂ ಅಲ್ಲ, ಅಪರಾತ್ರಿಯಲ್ಲಿ ಬಾಗಿಲು ತೆಗೆದು ನಮ್ಮ ಮನೆಯ ಏಳು ಮಂದಿಯನ್ನೂ ಎರಡು ಎಮ್ಮೆಗಳನ್ನೂ ಒಳಗೆ ಕರೆದುಕೊಂಡಳು. ನೀರಿಳಿದು ಮನೆಯ ರಾಡಿ ಬಳಿಯುವತನಕ ಅವರ ಮನೆಯಲ್ಲೇ ಉಂಡೆವು. ಆ ಉಪಕಾರ ಮರೆತಿಲ್ಲ. ಆದರೆ ಈಗ ನಳದ ಹತ್ತಿರ, ಮದುವೆ ಮನೆಯಲ್ಲಿ, ಎಲ್ಲಿ ಕಂಡರೂ "ಇವರ ಮನಿ ಮಂದಿಗೆ ನಾನೇ ರೊಟ್ಟಿ ಬಡದು ಹಾಕೀನಿ" ಅಂತಾಳೆ. ಎರಡನೇ ಪಿಯುಸಿ ಓದುವ ಮಗಳನ್ನು ದಿನಾ ಮುಂಜಾನೆ ಕಸ ಮುಸುರಿಗೆ ಕರೆಯುತ್ತಾಳೆ. ಬೇಡ ಅನ್ನಲು ಬಾಯಿ ಬರುವುದಿಲ್ಲ. ನಮ್ಮನೆಯವರು "ಋಣ ಅದ, ಕಳಸು" ಅಂತಾರೆ. ಆ ಅಕ್ಕನ ಮನೆಯ ತೊಗರಿಯೂ ಹಳ್ಳದ ದಂಡೆಯಲ್ಲಿ ಕೊಳೀತು, ಪಹಣಿ ಇನ್ನೂ ಸತ್ತ ಮಾವನ ಹೆಸರಿನಲ್ಲಿ ಇರೋದಕ್ಕೆ ಪರಿಹಾರ ಬರಲಿಲ್ಲ, ನಮಗೆ ಬಂತು. ಈಗ ಆಕೆಯನ್ನು ಕಂಡರೆ ಸಿಟ್ಟು ಬರುತ್ತದೆ. ಉಂಡ ಮನೆಯ ಜಂತಿ ಎಣಿಸುವವಳಾದೆನಾ?

ಉತ್ತರ: ತಂಗಿ, ಮೊದಲು ಮಗಳ ಮಾತು. ನಾಳೆಯಿಂದ ಅವಳು ಆ ಮನೆಯ ಕಸ ಮುಸುರಿಗೆ ಹೋಗಬಾರದು. ಆ ರಾತ್ರಿ ಬಾಗಿಲು ತೆರೆದದ್ದು ನಿಮ್ಮಿಬ್ಬರು ಹೆಂಗಸರ ನಡುವಿನ ಸಂಗತಿ. ಅದನ್ನು ಪರೀಕ್ಷೆಗೆ ಕೂಡಬೇಕಾದ ಹುಡುಗಿ ಯಾಕೆ ತೀರಿಸಬೇಕು? ಹೇಳುವುದು ಕಷ್ಟವೇನಲ್ಲ. "ಅಕ್ಕಾ, ಪರೀಕ್ಷಾ ಬಂದಾವ, ಹುಡುಗಿ ಓದ್ಲಾಕತ್ತಾಳ. ಕೆಲಸ ಹೆಚ್ಚಿದ್ದ ದಿನ ಹೇಳ್ರಿ, ನಾ ಬರ್ತೀನಿ" ಅನ್ನು. ಹೇಳಿದ ಮೇಲೆ, ಕರೆದ ದಿನ ಹೋಗು.

ಇನ್ನು ಸಿಟ್ಟು. ಬಂದರೆ ತಪ್ಪಲ್ಲ. 2020ರ ಅಕ್ಟೋಬರ್‌ ನೆರೆಯ ಮೇಲೂ ಇಂಥ ಪತ್ರ ಬಂದಿದ್ದವು. ಇನ್ನೊಬ್ಬರ ಅಡುಗೆಮನೆಯಲ್ಲಿ ಕೂತು, ಇನ್ನೊಂದು ರೊಟ್ಟಿ ಬೇಕೆನಿಸಿದರೂ ಸಾಕು ಅಂದವರಿಗೆ ಆ ನಾಲ್ಕು ದಿನ ಬಹಳ ಕಾಲ ಚುಚ್ಚುತ್ತವೆ. ಸಾಲದ್ದಕ್ಕೆ, ಅದನ್ನೇ ಯಾರಾದರೂ ಓಣಿಯಲ್ಲಿ ಎತ್ತಿ ಆಡಿದರೆ ಹೇಗಾಗಬೇಡ!

ಆದರೆ ನೀನು ಪತ್ರದ ತುದಿಗೆ ಸುಮ್ಮನೆ ಬರೆದುಬಿಟ್ಟ ತೊಗರಿಯ ಮಾತಿನಲ್ಲೇ ನನ್ನ ಕಣ್ಣು ನಿಂತಿತು.

ಲೆಕ್ಕ ಹಾಕಿ ನೋಡು. ಏಳು ಮಂದಿ, ಎರಡು ಹೊತ್ತು, ಹೊತ್ತಿಗೆ ಎರಡೆರಡು ಅಂದರೂ ದಿನಕ್ಕೆ 28 ರೊಟ್ಟಿ. ಅವಳ ಮನೆಯವರದ್ದು ಬೇರೆ. ಮಳೆಗೆ ತೊಯ್ದ ಕಟ್ಟಿಗೆ ಊದಿ ಊದಿ, ಹೊಗೆಯಲ್ಲಿ ಕಣ್ಣು ಒರೆಸಿಕೊಳ್ಳುತ್ತ ಅಷ್ಟೂ ಬಡಿದಿದ್ದಾಳೆ. ಎಮ್ಮೆಗಳಿಗೆ ಹಾಕಿದ ಕಣಿಕೆ ಅವಳ ಬಣವೆಯದು. ಆ ಜೋಳ ಹೋದ ಹಿಂಗಾರಿಯದು, ಮುಂದಿನ ರಾಶಿಯತನಕ ಬರಬೇಕಾದದ್ದು. ನೆರೆ ಸಂತ್ರಸ್ತರಿಗೆಂದು ಸರ್ಕಾರ ಶಾಲೆಯಲ್ಲಿ ತೆರೆಯುವ ಕಾಳಜಿ ಕೇಂದ್ರಕ್ಕೆ ಹೋಗಿದ್ದರೆ ನೀವು ಉಂಡದ್ದು ಸರ್ಕಾರದ ಲೆಕ್ಕಕ್ಕೆ ಬರುತ್ತಿತ್ತು. ಇಲ್ಲಿ ಯಾರ ಲೆಕ್ಕಕ್ಕೂ ಬರಲಿಲ್ಲ. ಸಮೀಕ್ಷೆಗೆ ಬಂದವರು ಗೋಡೆಯ ಮೇಲೆ ನೀರಿನ ಗೆರೆ ಹುಡುಕುತ್ತಾರೆ. ನೀರು ನುಗ್ಗಿದ ಮನೆಗೆ ಪರಿಹಾರ ಉಂಟು, ಊರ ಮಂದಿ ನುಗ್ಗಿದ ಮನೆಗೆ ಅವರ ಫಾರಮ್ಮಿನಲ್ಲಿ ಜಾಗವೇ ಇಲ್ಲ. ಬೆಳೆಯ ದುಡ್ಡೂ ಹಾಗೇ. ಆ ನೆರೆಯ ನಂತರ ರಾಜ್ಯ ಸರ್ಕಾರ ಖುಷ್ಕಿ ಬೆಳೆಗೆ ಹೆಕ್ಟೇರಿಗೆ ಇದ್ದ 8,500 ರೂಪಾಯಿಗೆ ತನ್ನ 8,500 ಸೇರಿಸಿ, 2 ಹೆಕ್ಟೇರಿನ ಮಿತಿಯಲ್ಲಿ, 17,000 ಕೊಡುವುದಾಗಿ ಹೇಳಿತು. ಆ ದುಡ್ಡು ಪಹಣಿ, ಆಧಾರ್, ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಹೊಂದಿಕೆಯಾದವರ ಖಾತೆಗೆ ಬೀಳುವಂಥದ್ದು. ಸತ್ತವರ ಹೆಸರಿನ ಪಹಣಿಗೆ ಎಲ್ಲಿಂದ ಬಂದೀತು? ಭೀಮೆಗೆ ಮಳೆ ನಮ್ಮಲ್ಲೇ ಬೀಳಬೇಕೆಂದಿಲ್ಲ. ಮಹಾರಾಷ್ಟ್ರದಲ್ಲಿ ಸುರಿದು ಅಲ್ಲಿನ ಉಜನಿ ಜಲಾಶಯದಿಂದ ಬಿಟ್ಟರೆ, ನೀರು ಸೊನ್ನ ಬ್ಯಾರೇಜು ದಾಟಿ ಅಫಜಲಪುರ, ಜೇವರ್ಗಿಯ ಹೊಲ ತುಂಬುತ್ತದೆ. ನಿನ್ನ ಹೊಲ, ಅವಳ ಹೊಲ ಅಂತ ಅದು ನೋಡಲಿಲ್ಲ. ನೋಡಿದ್ದು ಕಾಗದ.

ಅವಳು ಊರಿಗೆಲ್ಲ ಹೇಳಿಕೊಂಡು ತಿರುಗುವುದು ಚೆಂದ ಅಂತ ನಾನು ಅನ್ನುವುದಿಲ್ಲ. ಕೊಟ್ಟದ್ದನ್ನು ಎಣಿಸಬಾರದು ಅನ್ನುವುದು ಶರಣಬಸವೇಶ್ವರರ ದಾಸೋಹದ ನೆಲದಲ್ಲಿ ಎಲ್ಲರಿಗೂ ಗೊತ್ತು. ಆದರೆ ಅನ್ನ ಕೊಟ್ಟವರು ಆ ಪಾಠವನ್ನು ತಾವೇ ಕಲಿಯಬೇಕು. ಉಂಡವರು ಹೇಳಿಕೊಡಲು ಹೋದರೆ ಜಗಳವೇ. ನನಗನ್ನಿಸುವುದು, ಬೇರೆ ಯಾರೂ ಹೇಳಲಿಲ್ಲ, ಅದಕ್ಕೇ ತಾನೇ ಹೇಳಿಕೊಳ್ಳುತ್ತಿದ್ದಾಳೆ. ನೀನು ಯಾವತ್ತಾದರೂ ನಾಲ್ಕು ಮಂದಿಯ ಎದುರು ಅವಳ ಹೆಸರು ಹಿಡಿದು ಹೇಳಿದ್ದೀಯಾ? ಪತ್ರದಲ್ಲಿ ಅದು ಕಾಣಲಿಲ್ಲ.

ಅದನ್ನು ಈಗ ಮಾಡು. ನಳದ ಹತ್ತಿರ ಅವಳು ಬಾಯಿ ತೆರೆಯುವ ಮೊದಲೇ, "ಈ ಅಕ್ಕ ಇರಲಿಲ್ಲಂದ್ರ ಆ ರಾತ್ರಿ ನಾವು ಎಲ್ಲಿ ಹೋಗ್ತಿದ್ವೋ" ಅಂತ ನೀನೇ ಅನ್ನು. ನೀನು ಹೇಳಿದರೆ ಅದು ನಿನ್ನ ದೊಡ್ಡತನ, ಅವಳು ಹೇಳಿದರೆ ಹಂಗು. ಎಳ್ಳಮಾವಾಸ್ಯೆ ಹತ್ತಿರ ಬಂತು. ಹಿಂಗಾರಿ ಕಡಲೆ, ಬಿಳಿಜೋಳ ಎದ್ದಿದ್ದರೆ ಆ ಮನೆಯವರನ್ನೆಲ್ಲ ನಿಮ್ಮ ಹೊಲಕ್ಕೆ ಕರೆ. ಸಜ್ಜಿ ರೊಟ್ಟಿ, ಭಜ್ಜಿ, ಹೋಳಿಗೆ ನಿನ್ನ ಕೈಯದಾಗಲಿ, ಚರಗ ಚೆಲ್ಲುವಾಗ ಅವರೂ ಜತೆಗಿರಲಿ. ಅವಳಿಗೆ ಉಡಿ ತುಂಬು. ಕೈಗೆ ನೋಟು ಮಾತ್ರ ಇಡಬೇಡ, ಅದು ಊಟದ ಬಿಲ್ಲು ಕೊಟ್ಟ ಹಾಗಾಗುತ್ತದೆ. ರಾಶಿಯಾದ ಮೇಲೆ ಒಂದು ಚೀಲ ಜೋಳ, ಒಂದಿಷ್ಟು ಕಣಿಕೆ ಹಗಲು ಹೊತ್ತಿನಲ್ಲೇ ಬಂಡಿಯಲ್ಲಿ ಕಳಿಸು. ಓಣಿ ನೋಡಲಿ.

ಇಷ್ಟಾದರೂ ಅವಳು ಬಿಡದಿದ್ದರೆ, ಒಂದೇ ಸಲ, ಅವಳ ಅಡುಗೆಮನೆಯಲ್ಲಿ, ಇಬ್ಬರೇ ಇದ್ದಾಗ ಹೇಳು: "ಅಕ್ಕಾ, ನೀವು ಮಾಡಿದ್ದು ಸಾಯೋತನ ಮರಿಯಂಗಿಲ್ಲ. ಆದ್ರ ನಾಕು ಮಂದ್ಯಾಗ ಅಂದಾಗ ಮಗಳು ತಲಿ ತಗ್ಗಸ್ತಾಳ." ಅದಕ್ಕೂ ಬಗ್ಗದಿದ್ದರೆ ಕೇಳಿ ಸುಮ್ಮನಾಗು. ಅವಳ ನಾಲಿಗೆ ಅವಳದು. ಆದರೂ ಮಗಳನ್ನು ಮಾತ್ರ ಮತ್ತೆ ಕಳಿಸಬೇಡ.

ಕೊನೆಗೆ ನಿನ್ನ ಯಜಮಾನರ ಪಾಲು. ಋಣದ ಮಾತು ಆಡುವ ಗಂಡಸರು ತೀರಿಸುವ ಕೆಲಸವನ್ನು ಮನೆಯ ಹೆಣ್ಣುಮಕ್ಕಳಿಗೇ ಯಾಕೆ ಹಚ್ಚುತ್ತಾರೋ! ಅವರಿಗೆ ಕೆಲಸವಿದೆ. ಆ ಮನೆಯ ಪಹಣಿಗೆ ಪೌತಿ ಖಾತೆ ಆಗಬೇಕು, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾಗಬೇಕು. ಮಾವನ ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರ ಆಧಾರ್ ಹೊಂದಿಸಿಕೊಂಡು ತಲಾಟಿಯನ್ನು (ಗ್ರಾಮ ಆಡಳಿತಾಧಿಕಾರಿಯನ್ನು) ಕಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಹೆಸರು ಬದಲಾದ ಮೇಲೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ ಐಡಿ. ಹೋದ ನೆರೆಯ ದುಡ್ಡು ಇದರಿಂದ ಸಿಕ್ಕೇ ಸಿಗುತ್ತದೆ ಅಂತ ಅವರಿಗೆ ಆಸೆ ಹಚ್ಚಬೇಡಿ. ಮುಂದಿನ ಬೆಳೆವಿಮೆಗೆ, ಮುಂದಿನ ಪರಿಹಾರಕ್ಕೆ ದಾರಿಯಾಗುತ್ತದೆ. ಅಣ್ಣತಮ್ಮಂದಿರು ಹೆಚ್ಚಿದ್ದರೆ ಸಹಿಗಾಗಿ ಓಡಾಟ ಜಾಸ್ತಿ, ಒಂದೇ ದಿನಕ್ಕೆ ಮುಗಿಯುವುದಿಲ್ಲ. ನಿನ್ನ ಯಜಮಾನರೇ ಜತೆಗೆ ಹೋಗಲಿ, ಬಸ್ ಚಾರ್ಜು, ಜೆರಾಕ್ಸಿನ ಖರ್ಚು ನಿಮ್ಮದೇ ಇರಲಿ.