ಪಾಸ್ಟರ್‌ಗೆ ಬೇಡ ಅಂದರೆ ದೇವರೂ ಕೈಬಿಡುತ್ತಾನಾ?

(ನನ್ನ ಹತ್ತಿರ ಸಲಹೆಗೆ ಬಂದ ಹುಡುಗಿಯೊಬ್ಬಳ ಕಥೆ ಇದು, ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ.)

ಆಕೆಗೆ 27 ವರ್ಷ. ಉಡುಪಿ ಕಡೆಯವಳು, ಬಾಸೆಲ್ ಮಿಷನ್ ಅನ್ನುವ ಯುರೋಪಿನ ಮಿಷನರಿಗಳ ಕಾಲದಿಂದ ಬಂದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಮನೆತನ. ಬೆಂಗಳೂರಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಪಿಜಿಯಲ್ಲಿ ಒಂಟಿಯಾಗಿದ್ದಾಗ ಗೆಳತಿಯೊಬ್ಬಳು ಒಂದು ಸ್ವತಂತ್ರ ಸಭೆಗೆ, ಅಂದರೆ ಯಾವ ದೊಡ್ಡ ಪಂಗಡಕ್ಕೂ ಸೇರದ ಚರ್ಚಿಗೆ, ಕರೆದುಕೊಂಡು ಹೋದಳು. ಹಾಡು, ಒಟ್ಟಿಗೆ ಊಟ, ಹುಷಾರಿಲ್ಲ ಅಂದರೆ ಗಂಜಿ ಹಿಡಿದು ಬರುವ ಜನ, ಎಲ್ಲಾ ಅಲ್ಲಿ ಸಿಕ್ಕಿತು. ಮಗುವಾಗಿದ್ದಾಗ ಆದ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ಲೆಕ್ಕಕ್ಕಿಲ್ಲ ಅಂದರು, ಮತ್ತೆ ಮುಳುಗಿ ಎದ್ದಳು. ಊರಲ್ಲಿ ಅಪ್ಪ ಬೇಜಾರಾಗಿ ಮಾತು ಕಮ್ಮಿ ಮಾಡಿದರು.

ಆಮೇಲೆ ನೋಟ್‌ಬುಕ್ ಬಂತು. ಅದನ್ನು ನನಗೂ ತೋರಿಸಿದಳು. ಎಷ್ಟು ಗಂಟೆಗೆ ಎದ್ದೆ, ಎಷ್ಟು ಅಧ್ಯಾಯ ಓದಿದೆ, ಉಪವಾಸ, ದಶಮಾಂಶ (ಸಂಪಾದನೆಯ ಹತ್ತನೇ ಒಂದು ಪಾಲಿನ ಕಾಣಿಕೆ), ಎಲ್ಲಕ್ಕೂ ಸ್ಕೇಲಿಟ್ಟು ಗೆರೆ ಎಳೆದ ಕಾಲಂ. ಭಾನುವಾರ ಪಾಸ್ಟರಮ್ಮನ ಸಹಿ ಆಗಬೇಕು. ನೈಟ್ ಡ್ಯೂಟಿ ಬಿದ್ದ ವಾರದಲ್ಲಿ ಕೆಂಪು ಪೆನ್ನಿನಲ್ಲಿ 'ಸಾಲದು' ಅಂತ ಬರೆದಿತ್ತು. ಪಿಜಿ ಬದಲಾಯಿಸಲೂ ಪಾಸ್ಟರ್ ಒಪ್ಪಿಗೆ ಬೇಕು. ಕೊನೆಗೆ ಅವರೇ ತಂದ ಗಂಡನ್ನು ಈಕೆ ಬೇಡ ಅಂದಳು. ಅಷ್ಟೇ. ಕ್ವಾಯರ್‌ನಿಂದ ಬಿಡಿಸಿದರು, ವಾಟ್ಸಾಪ್ ಗ್ರೂಪಿನಿಂದ ತೆಗೆದರು, ಗಂಜಿ ತಂದಿದ್ದ ಅದೇ ಅಕ್ಕ ಬಸ್ ಸ್ಟಾಪಿನಲ್ಲಿ ಮುಖ ತಿರುಗಿಸಿದರು.

"ಸಭಾನಾಯಕರಿಗೆ ಅಧೀನರಾಗಿರಿ ಅಂತ ಬೈಬಲಿನ ಇಬ್ರಿಯ 13ರಲ್ಲೇ ಇದೆಯಲ್ಲ ಮೇಡಂ. ನಾನು ಮೀರಿದೆ. ದೇವರೂ ನನ್ನನ್ನು ತೆಗೆದುಹಾಕಿರಬಹುದಾ?"

ರಾತ್ರಿ ಎದ್ದು ಎದ್ದು, ಗ್ರೂಪಿಗೆ ವಾಪಸ್ ಸೇರಿಸಿದ್ದಾರಾ ಅಂತ ಫೋನ್ ನೋಡುತ್ತಿದ್ದಳು. ಹಾಗಾಗಿ ಮೊದಲು ಮನೋವೈದ್ಯರ ಹತ್ತಿರ ಕಳಿಸಿದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಕೊಟ್ಟೆ, ನಡುರಾತ್ರಿಯಲ್ಲೂ ಕನ್ನಡದಲ್ಲಿ ಮಾತಾಡಬಹುದು. ಮನೋವೈದ್ಯರ ಹತ್ತಿರ ಹೋಗುವುದನ್ನು ಅವಿಶ್ವಾಸ ಅನ್ನುವ ಸಭೆಗಳೂ ಇವೆ. ಜ್ವರಕ್ಕೆ ಮಾತ್ರೆ ನುಂಗುವವರೇ ಹಾಗೆ ಹೇಳುವುದು, ಬಿಡಿ.

ಆಕೆಯ ಭಯ ಇದ್ದಿದ್ದು ವಾಕ್ಯದಲ್ಲಿ, ಹಾಗಾಗಿ ಬೈಬಲ್ ತೆಗೆಸಿದೆ. ಹಿರಿಯರು ಮಂದೆಯ ಮೇಲೆ ದೊರೆತನ ಮಾಡಬಾರದು ಅಂತ 1 ಪೇತ್ರ 5:3 ಹೇಳುತ್ತದೆ. ಇದನ್ನು ಆ ಸಭೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲವಂತೆ! ಹತ್ತು ಆಜ್ಞೆಗಳಿರುವ ವಿಮೋಚನಕಾಂಡ 20 ಓದಿಸಿದೆ. ಅಲ್ಲಿ ಮೊದಲು ಬರುವುದು, ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ನಿಮ್ಮನ್ನು ಬಿಡಿಸಿದವನು ನಾನು ಅನ್ನುವ ಮಾತು. ಆಜ್ಞೆಗಳು ಅದರ ನಂತರ. ಪಾಲಿಸಿ ತೋರಿಸಿ, ಆಮೇಲೆ ಬಿಡಿಸುತ್ತೇನೆ ಅಂತ ಮೋಶೆಯ ಕೈಲಿ ಹೇಳಿ ಕಳಿಸಲಿಲ್ಲ, ಅಲ್ವಾ? ಲೂಕ 15ರಲ್ಲಿ, ಮನೆ ಬಿಟ್ಟುಹೋದ ತಮ್ಮ ವಾಪಸ್ ಬಂದ ಕಥೆಯ ಹಿರಿಯ ಮಗ, ನಿನ್ನ ಮಾತು ಒಂದು ದಿನವೂ ಮೀರಿಲ್ಲ ಅಂತ ಅಪ್ಪನಿಗೆ ಲೆಕ್ಕ ಒಪ್ಪಿಸುತ್ತಾನೆ, ಆದರೆ ನಿಂತಿರುವುದು ಮನೆಯ ಹೊರಗೆ. ಅಪ್ಪ ಆ ಲೆಕ್ಕವನ್ನು ನೋಡುವುದೂ ಇಲ್ಲ, ನನ್ನದೆಲ್ಲಾ ನಿನ್ನದೇ ಕಣೋ ಅನ್ನುತ್ತಾನೆ.

"ಹಾಗಾದರೆ ಯಾರ ಮಾತೂ ಕೇಳಬೇಕಿಲ್ಲವಾ?"

ಕೇಳಬೇಕು. ಸುಳ್ಳು ಹೇಳಬೇಡ, ನೋಯಿಸಿದವರನ್ನು ಕ್ಷಮಿಸು ಅಂತ ಪಾಸ್ಟರ್ ಹೇಳಿದರೆ ಕಿರಿಕಿರಿಯಾದರೂ ಕೇಳು, ಅದು ಅವರ ಕೆಲಸ. ಮದುವೆ ವಿಷಯದಲ್ಲಿ ಅವರು ಸಲಹೆ ಕೊಡಬಹುದು, ಅಪ್ಪಣೆ ಕೊಡುವ ಹಾಗಿಲ್ಲ. ಮುಂದೆ ಯಾವ ಸಭೆಗೆ ಹೋದರೂ, ಬೇಡ ಅಂದವರಿಗೆ ಅಲ್ಲಿ ಕೂರಲು ಜಾಗ ಇದೆಯಾ ಅಂತ ನೋಡು.

ಸಭೆಯವರಿಗೆ ಕ್ಷಮೆ ಕೇಳುವ ಉದ್ದನೆಯ ಮೆಸೇಜ್ ಬರೆದಿಟ್ಟಿದ್ದಳು. ನಿದ್ದೆ ಸರಿಹೋಗುವ ತನಕ ಕಳಿಸಬೇಡ ಅಂದೆ. ಪಾಸ್ಟರಮ್ಮನ ಹತ್ತಿರ ಹೇಳಿಕೊಂಡ ಗುಟ್ಟನ್ನು ಹೊರಗೆ ಹಾಕುತ್ತೇವೆ ಅಂತ ಯಾರಾದರೂ ಹೆದರಿಸಿದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ಪೊಲೀಸರ ಹತ್ತಿರ ಹೋಗು. ಅಪ್ಪನಿಗೆ ಫೋನ್ ಮಾಡು, ಬೇರೇನೂ ಬೇಡ, ನಿದ್ದೆ ಬರುತ್ತಿಲ್ಲ ಅಂತಷ್ಟೇ ಹೇಳು. ಭಾನುವಾರ ಯಾವುದಾದರೂ ಕನ್ನಡ ಆರಾಧನೆಗೆ ಹೋಗಿ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ಬಾ, ಕ್ವಾಯರ್ ಬೇಡ, ಜವಾಬ್ದಾರಿ ಬೇಡ, ಯಾರಾದರೂ ಕರೆದರೂ ಸದ್ಯಕ್ಕೆ ಆಗಲ್ಲ ಅನ್ನು.

ಫೋನ್ ಮಾಡಿದ ರಾತ್ರಿಯೇ ಅಪ್ಪ ಬಸ್ ಹತ್ತಿದರು. ಹಳೆಯ ಸಭೆಯ ಆಸೆ ಆಕೆಗೆ ಪೂರ್ತಿ ಹೋಗಿಲ್ಲ, ಆ ಆಸೆ ಬಿಡಲೇಬೇಕು ಅಂತ ನಾನೂ ಹೇಳಿಲ್ಲ, ಅಲ್ಲಿನ ಪ್ರೀತಿಯಲ್ಲಿ ನಿಜವೂ ಇತ್ತು. ಹೋದ ಸಲ ಬಂದಾಗ, "ಈ ತಿಂಗಳ ದಶಮಾಂಶ ಎಲ್ಲಿ ಕೊಡಲಿ ಮೇಡಂ?" ಅಂದಳು. ಪಿಜಿ ಬಾಡಿಗೆ ಎರಡು ತಿಂಗಳದ್ದು ಬಾಕಿ ಇದೆ, ಮೊದಲು ಅದನ್ನು ಕಟ್ಟು ಅಂದೆ.